ಲೊರೆಶೋ ಗೇಟಿನ ಹೊರಗೊಬ್ಬ ಚಕ್ರವರ್ತಿ

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ

ನೈರೋಬಿಯ ಸಮಸ್ತ ಮಹಾಜನತೆಗೆ, ಪೂರ್ವ ಆಫ್ರಿಕಾದ ಪ್ರಜಾಕೋಟಿಗೆ, ಹಾಗೂ ಕಿಟಕಿಯಾಚೆ ಹುಲ್ಲಿನ ಮೇಲೆ ನಿಂತು ಕಿರುಚುತ್ತಿರುವ ಆ ಇಬಿಸ್ ಹಕ್ಕಿಗೆ ಈ ಮೂಲಕ ಸಾರಿ ತಿಳಿಸುವುದೇನೆಂದರೆ: ಇಂದು ನನ್ನ ಮೀಸೆಯನ್ನು ತೆಗೆಯಲಾಯಿತು.

ಹೆಂಡತಿ ನಿರುಪಮಾ ಬಾತ್‌ರೂಮಿನ ಬಾಗಿಲಿಗೆ ಬಂದಳು. ನೋಡಿದಳು. “ಯಾರು ಬೇಕಾಗಿತ್ತು?” ಎಂದಳು.

ಕಾರಣ ಸರ್ಕಾರಿ. ನಾನು ಚರಿತ್ರೆ ಹೇಳುವ ಥರ್ಡ್ ಇಯರ್ ಕ್ಲಾಸಿಗೆ ಇವತ್ತಿನಿಂದ 1848, ಯುರೋಪೆಲ್ಲ ದಂಗೆಯೆದ್ದ ವರ್ಷ. ಪ್ರತಿ ವರ್ಷದ ಆಟ: ಟೋಪಿಯಿಂದ ಚೀಟಿ ಎತ್ತಿ ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಜನಾಂಗವಾಗಬೇಕು. ಹಂಗೇರಿಯವರು, ಕ್ರೊವೇಷಿಯದವರು, ಝೆಕ್ಕರು, ರುಮೇನಿಯದವರು. ನಾನು ಅವರೆಲ್ಲರನ್ನೂ ಆಳುವ ಆಸ್ಟ್ರಿಯಾ ಚಕ್ರವರ್ತಿ ಫರ್ಡಿನೆಂಡ್. ಹೆಂಡತಿಯ ಶಾಲು ಹೊದ್ದು ಮೇಜಿನ ಹಿಂದೆ ಕೂರುತ್ತೇನೆ. ಚಿತ್ರಪಟದಲ್ಲಿ ಚಕ್ರವರ್ತಿಗೆ ಮೀಸೆ ಇಲ್ಲ ಎಂದು ಹೋದ ವರ್ಷ ಆಕ್ಷೇಪ ಬಂದಿತ್ತು. ಪ್ರಜೆಗಳ ಬೇಡಿಕೆ ಮನ್ನಿಸಿದೆ. ತಡವಾಗಿ.

ಸಂಜೆ

ಥೀಕಾ ರೋಡ್ ಜಾಮ್. ಕಸರಾನಿಯ ಯೂನಿವರ್ಸಿಟಿಯಿಂದ ಮನೆಗೆ ಬರುವಷ್ಟರಲ್ಲಿ ಒಂದು ಸಾಮ್ರಾಜ್ಯ ಎದ್ದು ಬೀಳಬಹುದು.

ಹಂಗೇರಿ ಚೀಟಿ ಅಟಿಯೆನೊಗೆ ಬಂತು. ಮುಂದಿನ ಬೆಂಚು, ಗಟ್ಟಿ ಗಂಟಲು. ಎದ್ದು ನಿಂತು ಮೇಜು ಗುದ್ದಿದಳು: ನಮ್ಮ ಭಾಷೆ, ನಮ್ಮ ಪಾರ್ಲಿಮೆಂಟು, ನಮ್ಮ ಸೈನ್ಯ. ಜನ ದಂಗೆಯೆದ್ದಿದ್ದಾರೆ ಎಂದು ಕೇಳಿದಾಗ ಫರ್ಡಿನೆಂಡ್ ಹೇಳಿದನಂತೆ, “ಹಾಗೆ ಮಾಡಲು ಅವರಿಗೆ ಅನುಮತಿ ಇದೆಯೇ?” ಅದನ್ನು ಶಾಲು ಸರಿಪಡಿಸಿಕೊಳ್ಳುತ್ತ ಹೇಳಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಮಾರ್ಚಿನಲ್ಲಿ ಎಲ್ಲರೂ ಏಳುತ್ತಾರೆ. ಮರುವರ್ಷದ ಚಳಿಗಾಲಕ್ಕೆ ಮುಂಚೆ ಎಲ್ಲರೂ ಜೈಲಿನಲ್ಲಿ, ಇಲ್ಲವೆ ಮಣ್ಣಿನಲ್ಲಿ. ಮೂವತ್ತು ವರ್ಷದಿಂದ ಆಡಿಸುತ್ತಿದ್ದೇನೆ, ಒಮ್ಮೆಯೂ ಸಾಮ್ರಾಜ್ಯ ಸೋತಿಲ್ಲ. ಆಟದ ನಿಯಮ ಮಾಡಿದವನು ನಾನೇ ಎಂಬುದೂ ಒಂದು ಕಾರಣವಿರಬಹುದು.

ಸೆಪ್ಟೆಂಬರ್ 14, ಭಾನುವಾರ

ಡೆಂಜಿಲ್ ಬಂದಿದ್ದ. ಮಂಗಳೂರಿನ ಕಥೋಲಿಕ, ಹಲ್ಲಿನ ಡಾಕ್ಟರು, ನನ್ನ ಬಾಯೊಳಗಿನ ಪ್ರತಿ ಹಲ್ಲಿನ ಕಷ್ಟಸುಖ ಬಲ್ಲವನು. ಬಿಯರು. ಗ್ಲಾಸು ತಾಗಿಸಲಿಲ್ಲ... ನಾವು ತಾಗಿಸುವುದಿಲ್ಲ. ಹಂಗೇರಿಯ ಸೇನಾಪತಿಗಳನ್ನು ಗಲ್ಲಿಗೆ ಹಾಕಿದ ದಿನ ಆಸ್ಟ್ರಿಯದವರು ಬಿಯರ್ ಗ್ಲಾಸು ತಾಗಿಸಿ ಖುಷಿಪಟ್ಟರಂತೆ. ಅದಕ್ಕೇ ಹಂಗೇರಿಯವರು ಬಿಯರ್ ಗ್ಲಾಸು ತಾಗಿಸುವುದಿಲ್ಲ ಎಂದು ಕತೆ. ಈ ಕತೆ ನಾನು ಹೇಳಿದ ಸಂಜೆಯಿಂದ ಡೆಂಜಿಲನದೂ ಅದೇ ವ್ರತ. ಬರೀ ಎತ್ತುತ್ತೇವೆ, ಕುಡಿಯುತ್ತೇವೆ.

ಅರ್ಧ ಗ್ಲಾಸಿಗೆ ಹೇಳಿದ:

“ಸೂರಿ, ಈ ಸಲ ರಾಜ್ಯೋತ್ಸವಕ್ಕೆ ಕೊಂಕಣಿಗೆ ಹತ್ತು ನಿಮಿಷ ಬೇಕು ಮಾರಾಯ. ಸೆಲಿನ್ ವೊವಿಯೊ ಹಾಡ್ತಾಳೆ.”

ವೊವಿಯೊ ಅಂದರೆ ಅವರಲ್ಲಿ ಮದುವೆಯ ಹಿಂದಿನ ದಿನ, ವಧುವರರಿಗೆ ತೆಂಗಿನ ಹಾಲು ಹಚ್ಚುವಾಗ ಹಾಡುವ ಹಾಡು. ಸೆಲಿನ್ ಅವನ ಹೆಂಡತಿ. ನಮ್ಮ ಕನ್ನಡ ಸಂಘದ ಕೋರಸ್ಸಿನಲ್ಲಿ ಶ್ರುತಿ ತಪ್ಪದ ಏಕೈಕ ಗಂಟಲು.

“ನಿಯಮ ಏಳು,” ಎಂದೆ. ವೇದಿಕೆಯ ಮೇಲೆ ಕನ್ನಡ ಮಾತ್ರ. ಬರೆದವನು ನಾನು, ಸಂಘದ ಕಾಯಂ ಅಧ್ಯಕ್ಷ. “ಕೆಳಗೆ ನಿನ್ನ ಸಹಿಯೂ ಇದೆ.”

“ಅದು ಹಿಂದಿ ಪಿಕ್ಚರ್ ಡ್ಯಾನ್ಸ್ ಓಡಿಸ್ಲಿಕ್ಕೆ ಹಾಕಿದ ಸಹಿ. ನನ್ನ ಹೆಂಡತಿಯನ್ನು ಓಡಿಸ್ಲಿಕ್ಕೆ ಅಲ್ಲ.”

“ಒಂದು ಸಲ ಬಿಟ್ರೆ ತುಳುವಿನವರು ಕೇಳ್ತಾರೆ, ಕೊಡವರು ಕೇಳ್ತಾರೆ...”

“ಕೇಳ್ಲಿ! ಎಲ್ರಿಗೂ ಸೇರಿಸಿಯೇ ನಿಯಮ ಬದಲಿಸು ಅಂತ ಹೇಳುದು ನಾನು. ಎಂತ ಹೋಗ್ತದೆ ನಿಂಗೆ?”

ಏನು ಹೋಗುತ್ತದೆ? ಮಗ ಅಭಿ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಈ ಊರಿನ ನಮ್ಮ ಮಕ್ಕಳು ವರ್ಷದಲ್ಲಿ ಮೂರು ಗಂಟೆ ಕನ್ನಡವನ್ನೇ ಕೇಳುವ ಜಾಗ ಇದೊಂದೇ. ಅದನ್ನೂ ಪಾಲು ಹಾಕಿದರೆ ಉಳಿಯುವುದೇನು? ಹೀಗೆಲ್ಲ ಹೇಳಬೇಕಿತ್ತು. ಹೇಳಿದ್ದು: “ಕಮಿಟಿಯಲ್ಲಿ ನೋಡೋಣ.”

ಕಮಿಟಿ ಅಂದರೆ ನಾನು. ಅವನಿಗೂ ಗೊತ್ತು.

ಸೆಪ್ಟೆಂಬರ್ 20, ಶನಿವಾರ

ಕಮಿಟಿ ಸಭೆ. ಕೌಸ್ತುಭ್ ಹೊಸ ಕಾರ್ಯದರ್ಶಿ. ಬೆಂಗಳೂರಿನಿಂದ ಕಂಪನಿ ಕಳಿಸಿ ಎರಡು ವರ್ಷ, ಟೆಲಿಕಾಂ. ಬೇಡಿಕೆ ಕೇಳಿ ಎದ್ದೇ ನಿಂತ.

“ಸರ್, ವಿತ್ ಆಲ್ ರೆಸ್ಪೆಕ್ಟ್, ಇಟ್ಸ್ ಅ ಸ್ಲಿಪರಿ ಸ್ಲೋಪ್. ಕನ್ನಡ ಕನ್ನಡ ಅಂತ ನಾವೇ ಸ್ಟ್ರಾಂಗ್ ಸ್ಟ್ಯಾಂಡ್ ತಗೊಳ್ದಿದ್ರೆ ಹೂ ವಿಲ್?”

ಕನ್ನಡದ ರಕ್ಷಣೆಗೆ ಇಷ್ಟು ಇಂಗ್ಲಿಷ್ ಖರ್ಚಾದದ್ದನ್ನು ನಾನು ಕಂಡಿರಲಿಲ್ಲ. ಡೆಂಜಿಲ್ ಪಟ್ಟು ಬಿಡಲಿಲ್ಲ. ಅಕ್ಟೋಬರ್ ನಾಲ್ಕಕ್ಕೆ ಸರ್ವ ಸದಸ್ಯರ ಸಭೆ ಕರೆಯಬೇಕಾಯಿತು. ಮತ ಎಣಿಕೆ.

ಲೆಕ್ಕ ಹಾಕಿದೆ. ಕೊಂಕಣಿ ಮನೆಗಳೆಲ್ಲ ಅವನ ಕಡೆ. ತುಳು ಮನೆಗಳೂ ಅವನ ಕಡೆ ಹೋದರೆ ನಿಯಮ ಏಳು ಸತ್ತಂತೆ.

ಸೆಪ್ಟೆಂಬರ್ 25, ಗುರುವಾರ

ಕ್ಲಾಸಿನಲ್ಲಿ ಕ್ರೊವೇಷಿಯಾ. ಹಂಗೇರಿ ತನಗೆ ಬೇಕೆಂದು ಕೂಗಿದ್ದನ್ನೆಲ್ಲ ತನ್ನೊಳಗಿನ ಕ್ರೊವೇಷಿಯದವರಿಗೆ ಕೊಡಲಿಲ್ಲ. ಚಕ್ರವರ್ತಿ ಅದನ್ನು ಕಂಡ. ಅವರನ್ನೇ ಹಂಗೇರಿಯ ಮೇಲೆ ಛೂ ಬಿಟ್ಟ. ಯುದ್ಧ ಮುಗಿದ ಮೇಲೆ, ಹಂಗೇರಿಗೆ ಶಿಕ್ಷೆಯಾಗಿ ಸಿಕ್ಕ ಆಳ್ವಿಕೆಯೇ ಕ್ರೊವೇಷಿಯಕ್ಕೆ ಬಹುಮಾನವಾಗಿ ಸಿಕ್ಕಿತು. ಅಟಿಯೆನೊ, “ಪ್ರೊಫ್, ಇಷ್ಟು ಸುಲಭಕ್ಕೆ ಯಾರಾದರೂ ಮೋಸ ಹೋಗ್ತಾರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪರೀಕ್ಷೆಗೆ ಬರುವ ಪ್ರಶ್ನೆ, ಬರೆದುಕೊಳ್ಳಿ ಎಂದೆ.

ಸಂಜೆ ಬಾಲಕೃಷ್ಣರ ಮನೆ. ಉಡುಪಿಯವರು, ಬ್ಯಾಂಕು, ತುಳು ಮನೆಗಳೆಲ್ಲ ಅವರ ಮಾತಿಗೆ ಕೈ ಎತ್ತುತ್ತವೆ. ರಾಜ್ಯೋತ್ಸವದ ಊಟ ಯಾವಾಗಲೂ ಮೈಸೂರು ಕಡೆಯದೇ ಎಂಬುದು ಅವರ ಹಳೆಯ ನೋವು.

“ಈ ಸಲ ಮೆನು ಪೂರ್ತಿ ನಿಮ್ಮದು,” ಎಂದೆ.

“ಪೂರ್ತಿಯಾ? ನೀರುದೋಸೆ?”

“ನೀರುದೋಸೆ.”

“ಪತ್ರೊಡೆ?”

“ಕೆಸುವಿನ ಎಲೆ ಎಲ್ಲಿಂದಾದರೂ ತರಿಸಿ.”

“ಬಿಸಿಬೇಳೆಬಾತ್ ಇರ್ಲಿಕ್ಕಿಲ್ಲ ಅಲ್ವಾ ಮಾರಾಯ್ರೇ?”

ನನ್ನ ಎದೆಗೆ ಬಾಣ. ಆದರೂ, “ಇರಲ್ಲ,” ಎಂದೆ.

ತಮ್ಮ ಭಾಷೆಗೂ ಹತ್ತು ನಿಮಿಷ ಕೊಡಿಸುವ ತಿದ್ದುಪಡಿಯ ವಿರುದ್ಧ ತುಳುವರು ಕೈ ಎತ್ತುತ್ತಾರೆ. ನೀರುದೋಸೆಗಾಗಿ. ಕಾರಿನಲ್ಲಿ ಒಬ್ಬನೇ ನಕ್ಕೆ. ಪಕ್ಕದ ಮಟಾಟು ಬಸ್ಸಿನ ಕಂಡಕ್ಟರ್ ನನ್ನ ಜೊತೆ ನಕ್ಕ, ಕಾರಣ ಗೊತ್ತಿಲ್ಲದೆ.

ಅಕ್ಟೋಬರ್ 4, ಶನಿವಾರ

ಗೆದ್ದೆ.

ಮಾತಾಡಿದ್ದು ಡೆಂಜಿಲ್ ಒಬ್ಬನೇ. ಸಣ್ಣ ಭಾಷಣ. “ಮೂವತ್ತು ವರ್ಷ ನಾವು ನಿಮ್ಮ ನಾಡಗೀತೆಗೆ ಎದ್ದು ನಿಂತಿದ್ದೇವೆ. ‘ನಿಮ್ಮ’ ಅಂತ ಇವತ್ತೇ ಮೊದಲ ಸಲ ಬಾಯಿಗೆ ಬಂದದ್ದು. ಅದಕ್ಕೆ ನನಗೇ ಬೇಜಾರುಂಟು.” ಕೂತ.

ಕೈಗಳು ಎದ್ದವು. ಬಾಲಕೃಷ್ಣ ಎತ್ತಿದರು, ಕಣ್ಣು ಫ್ಯಾನಿನ ಮೇಲೆ ಇಟ್ಟು.

ಹೊರಗೆ ಜಕರಂಡಾ ಹೂ ಕಾರುಗಳ ಮೇಲೆಲ್ಲ. ಡೆಂಜಿಲ್ ವೈಪರಿನಿಂದ ಹೂ ತೆಗೆಯುತ್ತಿದ್ದ. ಹೋದೆ. “ಬೇಜಾರು ಮಾಡ್ಕೋಬೇಡ ಕಣಯ್ಯಾ. ಸೋಮವಾರ ಬರ್ತೀಯಲ್ಲ?” ಎಂದೆ. ಸೋಮವಾರ ಆರನೇ ತಾರೀಖು, ಹಂಗೇರಿಯ ಗಲ್ಲಿನ ದಿನ. ಪ್ರತಿ ವರ್ಷ ನಮ್ಮ ವರಾಂಡದಲ್ಲೇ ಬಿಯರು.

“ಪಾಠ ಮಾಡುದು ನೀನು ಸೂರಿ,” ಎಂದ. “ಆದ್ರೂ ಗೊತ್ತಾಗುದಿಲ್ಲ ಅಲ್ವಾ?”

ಸೆಲಿನ್ ಕಾರಿನೊಳಗಿದ್ದಳು. ಕುತ್ತಿಗೆಗೆ ಸ್ಕಾರ್ಫ್. ಈ ಸೆಖೆಯಲ್ಲಿ.

ಅಕ್ಟೋಬರ್ 6, ಸೋಮವಾರ

ಎರಡು ಗ್ಲಾಸು ಇಟ್ಟಿದ್ದೆ. ಒಂದನ್ನು ತೊಳೆಯುವ ಅಗತ್ಯ ಬೀಳಲಿಲ್ಲ.

ಅಕ್ಟೋಬರ್ 9, ಗುರುವಾರ

ನಿರುಪಮಾ ಗಿಗಿರಿಯ ಅಂಗಡಿಯಲ್ಲಿ ಗ್ಲೋರಿಯಾಳನ್ನು ಕಂಡಳಂತೆ. ಡೆಂಜಿಲನ ತಂಗಿ. ಮನೆಗೆ ಬಂದವಳು ಚೀಲ ಕೆಳಗಿಡದೆ ಹೇಳಿದಳು:

“ಸೆಲಿನ್‌ಗೆ ಥೈರಾಯ್ಡ್ ಗಡ್ಡೆ. ಇಪ್ಪತ್ತೆರಡಕ್ಕೆ ಆಪರೇಷನ್. ದನಿಯ ನರಕ್ಕೆ ಅಂಟಿಕೊಂಡಿದೆಯಂತೆ. ಆಮೇಲೆ ಹಾಡೋಕೆ ಆಗುತ್ತೋ ಇಲ್ಲವೋ ಹೇಳಕ್ಕಾಗಲ್ಲ ಅಂದಿದಾರೆ. ರಾಜ್ಯೋತ್ಸವದ ದಿನ ಒಂದು ಸಲ ಹಾಡಿ, ಆಮೇಲೆ ಮಾಡಿಸ್ಕೋತೀನಿ ಅಂತ ನವೆಂಬರಿಗೆ ಇಟ್ಕೊಂಡಿದ್ದಳಂತೆ. ಓಟಿನ ಮರುದಿನವೇ ಡೇಟ್ ಈ ತಿಂಗಳಿಗೇ ತಂದರಂತೆ. ಇನ್ನು ಕಾಯೋಕೆ ಏನಿದೆ ಅಂತ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕೊಡ್ತಿದ್ರಾ?”

“ಕೊಡ್ತಿದ್ದೆ!”

“ಅದಕ್ಕೇ ಹೇಳಲಿಲ್ಲ,” ಎಂದಳು. ಚೀಲ ಕೆಳಗಿಟ್ಟಳು.

ಅಕ್ಟೋಬರ್ 10, ಶುಕ್ರವಾರ

ಲೊರೆಶೋ, ಡೆಂಜಿಲನ ಮನೆ. ಕ್ಲಾಸು ರದ್ದು ಮಾಡಿ ಹೋದೆ. ಸೆಲಿನ್ ಬಾಗಿಲು ತೆಗೆದಳು.

“ಅಯ್ಯೋ, ಮೀಸೆ ಎಲ್ಲಿ? ಓಟಿನ ದಿನ ದೂರದಿಂದ ಕಂಡು ಯಾರೋ ಪಾಪದವರು ಅಂತ ಎಣಿಸಿದ್ದೆ.”

ದನಿ ಚೆನ್ನಾಗಿಯೇ ಇತ್ತು. ಅದೇ ತೊಂದರೆ, ಇನ್ನೂ ಚೆನ್ನಾಗಿಯೇ ಇತ್ತು.

ಡೆಂಜಿಲ್ ಸೋಫಾದಿಂದ ಏಳಲಿಲ್ಲ. ನಾನು ನಿಂತೇ ಹೇಳಿದೆ. ಅಧ್ಯಕ್ಷರ ವಿಶೇಷ ಅಧಿಕಾರ, ವಿಶೇಷ ಸಂದರ್ಭ. ಮುಂದಿನ ಶನಿವಾರವೇ ಸಣ್ಣ ಕಾರ್ಯಕ್ರಮ, ಹಾಲ್ ನಾನೇ ಹಿಡಿಯುತ್ತೇನೆ. ಸೆಲಿನ್ ಹತ್ತು ನಿಮಿಷವಲ್ಲ, ಒಂದು ಗಂಟೆ ಹಾಡಲಿ. ನಿಯಮ ಏಳು ಒಂದು ದಿನದ ಮಟ್ಟಿಗೆ ಅಮಾನತು.

“ಒಂದು ದಿನದ ಮಟ್ಟಿಗೆ,” ಎಂದ ಡೆಂಜಿಲ್.

“ಹೌದು.”

“ಯಾಕೆಂದ್ರೆ ಅವಳಿಗೆ ಹುಷಾರಿಲ್ಲ.”

“...ಹೌದು.”

“ಹುಷಾರಿದ್ರೆ ಇಲ್ಲ.”

ಕಾರಿನ ಕೀಲಿಯನ್ನು ಇನ್ನೊಂದು ಕೈಗೆ ಬದಲಿಸಿದೆ.

“ನಾನು ನಿನ್ನತ್ರ ಹಕ್ಕು ಕೇಳಿದ್ದು ಸೂರಿ. ಹೆಂಡತಿಗೆ ಸೀಕು ಅಂತ ಭಿಕ್ಷೆ ಕೇಳ್ಲಿಲ್ಲ. ಗಡ್ಡೆ ತೋರಿಸಿ ಹಾಡ್ಲಿಕ್ಕೆ ಪರ್ಮಿಷನ್ ತೆಗಿಬೇಕಾ ಅವಳು? ನೀನು ಕೊಡ್ತಿ ಅಂತ ಗೊತ್ತಿತ್ತು ನಂಗೆ. ನೀನು ಒಳ್ಳೆ ಮನುಷ್ಯ. ಅದೇ ಕರ್ಮ.”

ಸೆಲಿನ್ ಮಧ್ಯೆ ಬಂದಳು. “ಚಾ ಕುಡ್ದು ಹೋಗಿ.” ಅವಳೇ ನಗುತ್ತ ಸೇರಿಸಿದಳು, “ಚಾಕ್ಕೆ ನಿಯಮ ಇಲ್ಲ.”

ಕುಡಿದೆ. ಹೊರಟೆ.

ಅಕ್ಟೋಬರ್ 12, ಭಾನುವಾರ

ತಿದ್ದುಪಡಿ. ಭಿಕ್ಷೆಯಲ್ಲ, ಕಾಯಂ ನಿಯಮ: ಕರ್ನಾಟಕದ ಎಲ್ಲ ಭಾಷೆಗೂ ವೇದಿಕೆ. ಇಪ್ಪತ್ತೆರಡರ ಒಳಗೆ ಆಗಬೇಕು. ಕೌಸ್ತುಭ್‌ಗೆ ಫೋನ್ ಮಾಡಿದೆ.

“ಸರ್, ಎರಡು ವಾರ ನೋಟೀಸ್ ಕೊಡ್ಬೇಕು. ಬೈಲಾ. ನೀವೇ ಡ್ರಾಫ್ಟ್ ಮಾಡಿರೋದು.”

“ಇದು ತುರ್ತು ಕಣಪ್ಪಾ.”

“ತುರ್ತು ಅನ್ನೋದಕ್ಕೆ ಬೈಲಾದಲ್ಲಿ ಪ್ರಾವಿಷನ್ನೇ ಇಲ್ಲ ಸರ್. ಅದೂ ನೀವೇ...”

ಫೋನ್ ಇಟ್ಟೆ. ನನ್ನಂಥ ಶತ್ರು ನನಗೆ ಬೇರೆ ಬೇಕಿರಲಿಲ್ಲ. ನಿಯಮ ಮುರಿದಾದರೂ ಹತ್ತೊಂಬತ್ತಕ್ಕೆ ಸಭೆ ಕರೆದೆ.

ಅಕ್ಟೋಬರ್ 18, ಶನಿವಾರ

ಸೆಲಿನ್ ಇವತ್ತು ಸಂಜೆ ಮನೆಯಲ್ಲೇ ಹಾಡಿದಳು. ಕೊಂಕಣಿ ಮನೆಗಳವರು, ಚರ್ಚಿನ ಸ್ನೇಹಿತರು. ನಿರುಪಮಾಗೆ ಆಹ್ವಾನ. ನನಗೆ ಇಲ್ಲ. ನಾನು ಡ್ರೈವರ್.

ಗೇಟಿನ ಹೊರಗೆ ಕಾರು ನಿಲ್ಲಿಸಿ ಕೂತೆ. ನಿರುಪಮಾ ಇಳಿಯುವಾಗ, “ಬನ್ನಿ, ಯಾರೂ ಓಡಿಸಲ್ಲ,” ಎಂದಳು. ಓಡಿಸುವುದಿಲ್ಲ, ಗೊತ್ತು. ಒಳ್ಳೆಯವರು. ಅದೇ ಕರ್ಮ.

ಕಾರಿನ ಕಿಟಕಿ ಇಳಿಸಿದೆ. ಕರೆಂಟಿರಲಿಲ್ಲ, ಪಕ್ಕದ ಮನೆಯ ಜನರೇಟರ್ ಗುಡುಗುಟ್ಟುತ್ತಿತ್ತು. ಒಂದು ಹಾಡೂ ಕೇಳಲಿಲ್ಲ. ಮಧ್ಯೆ ಮಧ್ಯೆ ಚಪ್ಪಾಳೆ. ಚಪ್ಪಾಳೆ ಬಿದ್ದಾಗ ಒಂದು ಮುಗಿಯಿತು ಎಂದು ತಿಳಿಯುತ್ತಿತ್ತು. ಗೇಟು ಕಾಯುವ ಅಸ್ಕಾರಿ ತಗಡಿನ ಲೋಟದಲ್ಲಿ ಚಾಯ್ ತಂದುಕೊಟ್ಟ. ಅಸಾಂಟೆ, ಉಪಕಾರವಾಯಿತು, ಎಂದೆ. “ಯಜಮಾನರಿಗೆ ಕಾಯ್ತಿದೀರಾ?” ಎಂದು ಕೇಳಿದ. ಸ್ವಾಹಿಲಿಯಲ್ಲಿ ಹೌದು ಎಂದೆ.

ಆರೂ ಮುಕ್ಕಾಲಿಗೆ ನಿರುಪಮಾ ಬಂದಳು. ಕಣ್ಣು ಕೆಂಪು. ವಯಾಕಿ ವೇ ಹೆದ್ದಾರಿ ಹತ್ತಿದ ಮೇಲೆ ಕೇಳಿದೆ, “ಹೇಗಿತ್ತು?”

“ನಿಮಗೆ ಹೇಳೋ ಹಾಗಿಲ್ಲ,” ಎಂದಳು. ಸಿಟ್ಟಿನಿಂದಲ್ಲ.

ಅಕ್ಟೋಬರ್ 19, ಭಾನುವಾರ

ಕೋರಂ ಇಲ್ಲ. ನಾಳೆ ದೀಪಾವಳಿ, ನಾಳೆಯೇ ಈ ದೇಶದ ವೀರರ ದಿನ, ಲಾಂಗ್ ವೀಕೆಂಡು. ಅರ್ಧ ಸಾಮ್ರಾಜ್ಯ ಮೊಂಬಾಸಾದ ಬೀಚಿನಲ್ಲಿದೆ. ಬಾಲಕೃಷ್ಣರು ಅಲ್ಲಿಂದಲೇ ಫೋಟೋ ಕಳಿಸಿದ್ದಾರೆ: ಕೆಸುವಿನ ಎಲೆ ಸಿಕ್ಕಿತು.

ಸಭೆ ಮುಂದೂಡಲಾಗಿದೆ. ಇಪ್ಪತ್ತಾರಕ್ಕೆ.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು ಎಂದು ಗ್ಲೋರಿಯಾ ನಿರುಪಮಾಗೆ.

ಮಧ್ಯಾಹ್ನದವರೆಗೂ ಏನೂ ಇಲ್ಲ.

ಗಡ್ಡೆ ತೆಗೆದರು. ಕೆಟ್ಟದ್ದಲ್ಲವಂತೆ. ನರ ಉಳಿಸಲಾಗಲಿಲ್ಲ.

ಅಕ್ಟೋಬರ್ 26, ಭಾನುವಾರ

ತಿದ್ದುಪಡಿ ಪಾಸ್. ವಿರೋಧ ಇಲ್ಲ. ಕೌಸ್ತುಭ್ ಕೂಡ ಕೈ ಎತ್ತಿದ. “ಆಪ್ಟಿಕ್ಸ್ ಚೆನ್ನಾಗಿರುತ್ತೆ ಸರ್.” ಡೆಂಜಿಲ್‌ಗೆ ಮೆಸೇಜು ಕಳಿಸಿದೆ. ನೀಲಿ ಟಿಕ್ ಬಂತು. ಮತ್ತೇನೂ ಬರಲಿಲ್ಲ.

ಅಕ್ಟೋಬರ್ 27, ಸೋಮವಾರ

ಪಾಠದ ಸರದಿ ಹಾಗೆ ಬಂತು, ನಾನು ಇಟ್ಟುಕೊಂಡದ್ದಲ್ಲ. 1849ರ ಜುಲೈ ಕೊನೆ. ಸುತ್ತ ಶತ್ರು ಸೈನ್ಯ, ಓಡಿಹೋಗುತ್ತಿರುವ ಹಂಗೇರಿಯ ಪಾರ್ಲಿಮೆಂಟು ಸೆಗೆಡ್ ಎಂಬ ಊರಿನಲ್ಲಿ ಕೂತು ಕಾನೂನು ಮಾಡುತ್ತದೆ: ನಮ್ಮೊಳಗಿನ ಎಲ್ಲ ಜನಾಂಗಕ್ಕೂ ಅವರವರ ಭಾಷೆಯ ಹಕ್ಕು. ಒಳ್ಳೆಯ ಕಾನೂನು, ಆ ಕಾಲದ ಯುರೋಪಿಗೇ ಅಪರೂಪದ್ದು. ಎರಡು ವಾರ ಕಳೆದ ಬೆನ್ನಿಗೇ ಸೈನ್ಯ ಶರಣಾಯಿತು.

ಪ್ರತಿ ವರ್ಷ ಇಲ್ಲಿ ಒಂದು ಜೋಕು ಹೇಳುತ್ತೇನೆ: ಹೆಣಕ್ಕೆ ಹೊಲಿಸಿದ ಕೋಟಿನಂಥ ಕಾನೂನು, ಅಳತೆ ಬಹಳ ಸರಿಯಾಗಿತ್ತು ಅಂತ. ಈ ಸಲ ಬಾಯಿ ತೆರೆದೆ. ಹೇಳಲಿಲ್ಲ.

ಅಟಿಯೆನೊ ಕೈ ಎತ್ತಿದಳು. “ಪ್ರೊಫ್, ಅವರಿಗೆ ಮುಂಚೆ ಗೊತ್ತಿರಲಿಲ್ವಾ?”

“ಗೊತ್ತಿತ್ತು.”

“ಮತ್ತೆ?”

“ಕ್ಲಾಸ್ ಮುಗೀತು,” ಎಂದೆ. ಇನ್ನೂ ಇಪ್ಪತ್ತು ನಿಮಿಷ ಇತ್ತು. ಯಾರೂ ಏಳಲಿಲ್ಲ, ಜೋಕು ಅಂದುಕೊಂಡರು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ ಸಕಲ ವೈಭವದಿಂದ ಜರುಗಿತು. ಖಾಲಿ ಕುರ್ಚಿಗಳ ಸಾಲುಗಳು ಶಿಸ್ತಿನಿಂದ ಕುಳಿತು ಕೊನೆಯವರೆಗೂ ಸಹಕರಿಸಿದವು.

ಕೊಂಕಣಿ ಮನೆಗಳವರು ಒಬ್ಬರೂ ಇಲ್ಲ. ತುಳುವರು ಊಟ ಬಡಿಸಿ ಹೊರಟರು. ತಿದ್ದುಪಡಿ ಆಗಿದ್ದೇ ಅವರಿಗೆ ತಮಗೊಂದು ಭಾಷೆ ಇದೆ ಎಂದು ನೆನಪಾಗಿ, ಬೇರೆ ಕೂಟವೇ ಕಟ್ಟುತ್ತಿದ್ದಾರೆ. “ನಿಮ್ಮ ಮೇಲೆ ಕೋಪ ಎಂತದ್ದೂ ಇಲ್ಲ ಮಾರಾಯ್ರೇ,” ಎಂದರು ಬಾಲಕೃಷ್ಣ, ಪಾತ್ರೆ ಡಿಕ್ಕಿಗೆ ತುಂಬಿಸುತ್ತ. “ಆದ್ರೆ ನೀರುದೋಸೆಗೆ ಕೈ ಎತ್ತಿಸಿದ್ರಿ ಅಂತ ನನ್ನ ಹೆಂಡತಿ ಈಗ್ಲೂ ಬೈತಾಳೆ. ನಿಮ್ಮನ್ನಲ್ಲ, ನನ್ನನ್ನು.”

ಕಾರ್ಯಕ್ರಮದ ಪಟ್ಟಿಯಲ್ಲಿ ಐದನೆಯದು: ಕೊಂಕಣಿ, ವೊವಿಯೊ, ಹತ್ತು ನಿಮಿಷ. ತೆಗೆಯಲು ಕೌಸ್ತುಭ್ ಹೇಳಿದ್ದ. ತೆಗೆಯಬೇಡ ಎಂದಿದ್ದೆ. ವೇದಿಕೆ ಖಾಲಿ ಇರಲಿ. ಹತ್ತು ನಿಮಿಷ ಸುಮ್ಮನೆ ಕೂರೋಣ.

ಎರಡು ನಿಮಿಷ ಕೂತೆವು. ಮೂರನೆಯ ನಿಮಿಷಕ್ಕೆ ಕೌಸ್ತುಭ್‌ಗೆ ತಡೆಯಲಾಗಲಿಲ್ಲ. ಮೈಕು ಹಿಡಿದ. ಬಿಳಿ ಕಾರು ಆಂಬ್ಯುಲೆನ್ಸ್ ದಾರಿಗೆ ಅಡ್ಡ ನಿಂತಿದೆ, ಕೈಂಡ್ಲಿ ಮೂವ್. ನಮ್ಮ ವೇದಿಕೆಯಲ್ಲಿ ಮೊದಲಿನಿಂದಲೂ ಇಂಗ್ಲಿಷಿಗೆ ಅವಕಾಶವಿತ್ತು, ಪಾರ್ಕಿಂಗ್ ಪ್ರಕಟಣೆಗೆ. ಅದಕ್ಕೆ ಯಾರೂ ದಂಗೆ ಏಳಬೇಕಾಗಿರಲಿಲ್ಲ.

ಎದ್ದು ಹೋಗಿ ಕಾರು ಸರಿಸಿದೆ. ನನ್ನದೇ.

ನವೆಂಬರ್ 6, ಗುರುವಾರ

ನಿರುಪಮಾ ಹೋಗಿಬಂದಳು. ಸೆಲಿನ್ ಮಾತಾಡುತ್ತಾಳಂತೆ, ಕಿವಿ ಹತ್ತಿರ ತಂದರೆ. ಬರೀ ಗಾಳಿ. ನಗುತ್ತಾಳಂತೆ, ಸದ್ದಿಲ್ಲ. ಆರು ತಿಂಗಳು ನೋಡೋಣ ಎಂದಿದ್ದಾರೆ. “ಹಾಗೆ ಅಂದ್ರೆ ಏನು ಅಂತ ಅವಳಿಗೂ ಗೊತ್ತು,” ಎಂದಳು. ಡೆಂಜಿಲ್ ನನ್ನ ವಿಷಯ ಕೇಳಿದನಾ? ಇಲ್ಲ. ಬೈದನಾ? ಅದೂ ಇಲ್ಲ.

ಬೈದಿದ್ದರೆ...

ನವೆಂಬರ್ 9, ಭಾನುವಾರ

ಮೆಣಸಿನ ಸಾರು ಮಾಡಿದೆ. ನಾನೇ. ನುಂಗಲು ಕಷ್ಟವಂತೆ ಅವಳಿಗೆ. ನಿರುಪಮಾಗೆ ಕೊಡಹೋದೆ.

“ನಾನು ನಿಮ್ಮ ಪೋಸ್ಟ್‌ಮ್ಯಾನ್ ಅಲ್ಲ. ಕಾರಿದೆ, ಕಾಲಿದೆ. ನೀವೇ ಹೋಗಿ.”

ಹೋದೆ. ಲೊರೆಶೋ ತಿರುವಿನವರೆಗೆ. ವಾಪಸ್ಸು ಬಂದೆ.

ಓದುಗ ಮಹಾಶಯರೇ, ನೀವು ಇಲ್ಲವೆಂಬುದು ನನಗೆ ಗೊತ್ತು. ಊರಿನ ಪತ್ರಿಕೆಗೆ ಅಂಕಣ ಬರೆದು ಬರೆದು ಅಂಟಿದ ಚಟ, ಕ್ಷಮಿಸಿ. ಆದರೂ ಒಂದು ಸಣ್ಣ ಉಪಕಾರ. ಆ ಕಡೆ ಹೋಗುವವರಿದ್ದರೆ, ಅಡುಗೆಕಟ್ಟೆಯ ಮೇಲೆ ನೀಲಿ ಫ್ಲಾಸ್ಕ್ ಇದೆ. ಖಾರ ಕಮ್ಮಿ ಹಾಕಿದ್ದೇನೆ. ಕುಡಿಯುವ ಮುಂಚೆ ಸ್ವಲ್ಪ ಆರಿಸಲು ಹೇಳಿ. ಫ್ಲಾಸ್ಕ್ ವಾಪಸ್ಸು ಬೇಡ. ಬಾಗಿಲು ತೆಗೆಯುವವನು ಡೆಂಜಿಲ್ ಆದರೆ, ಯಾರು ಕಳಿಸಿದ್ದು ಅಂತ ಕೇಳಿದರೆ, ದಯವಿಟ್ಟು ಕೊಂಕಣಿಯಲ್ಲಿ ಹೇಳಿ. ನನಗೆ ಬರುವುದಿಲ್ಲ. ಮೂವತ್ತು ವರ್ಷ ಅವರ ಮನೆಯಲ್ಲಿ ಉಂಡೆ, ಒಂದು ಸಲವೂ ನಿಮ್ಮದೊಂದು ಮಾತು ಕಲಿಸಿ ಎಂದು ಕೇಳಲಿಲ್ಲ.